ಗಿರಿಜಕ್ಕನ ಹಿತ್ತಾಳೆ ಸ್ಟೌ

ಸೀಮೆಎಣ್ಣೆಯ ವಾಸನೆ ಈಗ ಅಪರೂಪ. ಎಲ್ಲಾದರೂ ಮೂಗಿಗೆ ಬಡಿದರೆ ಸಂತೇಬೆನ್ನೂರಿನ ನಮ್ಮ ಪಕ್ಕದ ಮನೆಯ ಅಡುಗೆಕೋಣೆ ನೆನಪಾಗುತ್ತದೆ.

ಆ ಮನೆಯ ಸೊಸೆ ಗಿರಿಜಕ್ಕ ನನಗೆ ಪಂಪ್ ಸ್ಟೌ ಹಚ್ಚುವುದನ್ನು ಕಲಿಸಿದ್ದಳು. "ಮೊದ್ಲು ಸೆರಗು ಸೊಂಟಕ್ಕೆ ಸಿಗಿಸ್ಕೊಬೇಕು. ಉರಿಯೋವಾಗ ಎಣ್ಣೆ ಹಾಕಾಕೆ ಹೋಗಬಾರ್ದು" ಎನ್ನುತ್ತಿದ್ದಳು. ಲಂಗ ತೊಟ್ಟಿದ್ದ ನಾನು ಇಲ್ಲದ ಸೆರಗನ್ನು ಸಿಗಿಸಿಕೊಂಡು ಕೂರುತ್ತಿದ್ದೆ.

ಆ ಬೇಸಿಗೆಯಲ್ಲಿ ಅವಳು ಬೆಂಕಿ ಹತ್ತಿ ಸತ್ತಳು. ಕಾರ್ಯವೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಅವ್ವ ನನ್ನನ್ನೂ ಕರೆದುಕೊಂಡು ಅವಳ ಅತ್ತೆಯನ್ನು ಮಾತಾಡಿಸಲು ಹೋದಳು. ಓಣಿಯ ಹೆಂಗಸರೆಲ್ಲ ಪಡಸಾಲೆಯಲ್ಲಿ ಕೂತಿದ್ದರು.

"ಸ್ಟೌ ಮುಂದೆ ಜ್ವಾಪಾನ ಅಂತ ಎಷ್ಟು ಸಲ ಹೇಳಿದ್ದೆ. ಸೆರಗು ಇಳಿಬಿಟ್ಕೊಂಡು ಕುಂತಿದ್ಲು, ಸ್ಟೌ ಬರ್ಸ್ಟ್ ಆತು" ಎಂದು ಅತ್ತೆ ಕಣ್ಣೊರೆಸಿಕೊಂಡರು. "ನಿಮ್ಮ ಹುಡುಗೀರಿಗೂ ಹೇಳ್ರವ್ವ." ಎಲ್ಲರೂ ತಲೆಯಾಡಿಸಿದರು.

"ಚಾ ಕುಡ್ದು ಹೋಗ್ರಿ" ಎಂದು ಅವರು ಒಳಗೆ ಹೋದರು. ಭುಸ್ಸೆಂದು ಸದ್ದಾಯಿತು. ನಾನು ಇಣುಕಿದೆ. ಗಿರಿಜಕ್ಕ ಹುಣಸೆಹಣ್ಣು ಹಚ್ಚಿ ಬೆಳಗುತ್ತಿದ್ದ ಅದೇ ಹಿತ್ತಾಳೆ ಸ್ಟೌ, ಒಂದು ತಗ್ಗೂ ಬೀಳದೆ, ನೀಲಿಯಾಗಿ ಉರಿಯುತ್ತಿತ್ತು.

"ಅವ್ವ, ಸ್ಟೌ ಚೆನ್ನಾಗೇ ಐತಲ್ಲ" ಎಂದೆ.

ಅವ್ವ ನನ್ನ ಬಾಯಿ ಮುಚ್ಚಿದಳು.

ಚಹಾ ಬಂತು. ಎಲ್ಲರೂ ಕುಡಿದರು. ಅವ್ವನೂ ಕುಡಿದಳು.