ಕತ್ತಿಯ ಕೆಳಗಿನ ನಗು

ಕ್ಷೌರದ ಕತ್ತಿ ಗಂಟಲ ಮೇಲಿರುವಾಗಲೇ ಡ್ರೈವರ್ ನಕ್ಕ. ಆ ನಗು ಕಿವಿಗೆ ಬೀಳುವ ಮೊದಲೇ ಕ್ಷೌರಿಕನ ಬೆರಳಿಗೆ ತಾಗಿತು. ನೊರೆಯ ನಡುವೆ ಒಂದು ಹನಿ ನೆತ್ತರು ಮೂಡಿತು.

ಟಿವಿಯಲ್ಲಿ ಕ್ರಿಕೆಟ್ ತಂಡದ ನಾಯಕ ಆಗಷ್ಟೇ ಹೇಳಿದ್ದ: “ಗಂಡಸನ್ನ ಪ್ರೀತಿಸೋ ಗಂಡಸು ತಂಡದಲ್ಲಿದ್ರೆ ನಾನು ಆಡಲ್ಲ. ಅಂಥವನ ಪಕ್ಕ ಬಟ್ಟೆ ಬದಲಾಯಿಸೋಕೂ ಹೇಸಿಗೆ.” ಬೆಂಚಿನ ಮೇಲೆ ಸರದಿ ಕಾಯುತ್ತಿದ್ದವರು ತೊಡೆ ತಟ್ಟಿಕೊಂಡು ನಕ್ಕರು. “ಗಂಡು ಅಂದ್ರೆ ಇವನಪ್ಪ!” ಸುಮ್ಮನಿದ್ದರೆ ಎಲ್ಲಿ ಸಿಕ್ಕಿಬೀಳುತ್ತೇನೋ ಎಂದು ಡ್ರೈವರೂ ನಕ್ಕಿದ್ದ, ಅದು ಕ್ಷೌರಿಕನಿಗೂ ಗೊತ್ತು. ಊರಿನ ಕಣ್ಣಿಗೆ ಇವರಿಬ್ಬರು ಒಂದೇ ಬಾಡಿಗೆ ಮನೆಯಲ್ಲಿರುವ ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳು. ಬಾಗಿಲು ಹಾಕಿದ ಮೇಲೆ ಎರಡು ದೇಹ, ಒಂದೇ ಜೀವ.

ಕ್ಷೌರಿಕ ಗಾಯಕ್ಕೆ ಪಟಿಕದ ತುಂಡು ಒತ್ತಿದ. “ಉರೀತಾ?”

“ಇಲ್ಲ ಕಣೋ,” ಎಂದ ಡ್ರೈವರ್. ಕನ್ನಡಿಯೊಳಗೆ ಅವನ ಕಣ್ಣು ಅಂಗಲಾಚುತ್ತಿತ್ತು.

ಶೇವಿಂಗ್ ಮುಗಿದಾಗಲೆಲ್ಲ ಕ್ಷೌರಿಕ, ಕೂದಲು ಉಳಿದಿದೆಯೇ ಎಂದು ನೋಡುವ ನೆಪದಲ್ಲಿ, ಅವನ ಕೆನ್ನೆಯನ್ನು ಹಿಂಗೈಯಿಂದ ಒಮ್ಮೆ ಸವರುತ್ತಿದ್ದ. ನಾಲ್ಕು ಜನರೆದುರು ಇಬ್ಬರಿಗೂ ದಕ್ಕುತ್ತಿದ್ದ ಸುಖ ಅದೊಂದೇ. ಡ್ರೈವರ್ ಕಣ್ಣು ಮುಚ್ಚಿ ಕೆನ್ನೆಯೊಡ್ಡಿ ಕಾದ.

ಮಡಿಲಿಗೆ ಟವೆಲು ಬಂದು ಬಿತ್ತು.

“ಆಯ್ತು ಸಾರ್. ನೀವೇ ಒರೆಸ್ಕೊಳ್ಳಿ.”