ಒಂಬತ್ತನೇ ಪೆಟ್ಟಿಗೆ

ಒಂಬತ್ತನೇ ಪೆಟ್ಟಿಗೆಯ ಮುಚ್ಚಳ ತೆಗೆದ ಕೂಡಲೇ ಬೋರ್ ಮೇಸ್ತ್ರಿಗೆ ಪಿತ್ತ ನೆತ್ತಿಗೇರಿತು. ಅಣೆಕಟ್ಟು ಏಳಬೇಕಾದ ಜಾಗದಲ್ಲಿ ಎರಡು ತಿಂಗಳು ಕೊರೆದು ಆತ ಮೇಲೆತ್ತಿದ ಕಲ್ಲಿನ ತುಂಡುಗಳೆಲ್ಲ ಆಳದ ಕ್ರಮದಲ್ಲಿ ಆ ಪೆಟ್ಟಿಗೆಗಳಲ್ಲಿದ್ದವು. ಕಲ್ಲೇ ಸಿಗದೆ ಪೊಳ್ಳು ಬಂದ ಕಡೆ ಅಷ್ಟೇ ಉದ್ದದ ಮರದ ತುಂಡು ಇಡುವುದು ಪದ್ಧತಿ. ಈ ಪೆಟ್ಟಿಗೆಯಲ್ಲಿ ಅಂಥವು ಮೂರಿದ್ದವು. ಈಗ ಮೂರೂ ಕಡೆ ನುಣ್ಣನೆಯ ಗಟ್ಟಿ ಕಲ್ಲು ಕೂತಿತ್ತು.

“ಯಾರದಿದು ಕೈಚಳಕ?”

“ನಂದೇ, ಮಾವ,” ಎಂದ ಎಂಜಿನಿಯರ್. ಮೇಸ್ತ್ರಿಯ ಮಗಳನ್ನು ಮದುವೆಯಾದವನು. “ಗುಡ್ಡದ ಮೇಲಿನ ಬೋರಿಂದ ತಂದಿಟ್ಟೆ. ಸ್ವಲ್ಪ ಮೆಲ್ಲಗೆ ಮಾತಾಡಿ. ಸಾಲ ಕೊಡೋರು ಇನ್ನೇನು ಬಂದ್ಬಿಡ್ತಾರೆ.”

ರಾಜ್ಯ ಸರ್ಕಾರ ಬಜೆಟ್‌ನಲ್ಲಿ ಕಾಲು ಪಾಲು ತೆಗೆದಿಟ್ಟು ಚಪ್ಪಾಳೆ ಗಿಟ್ಟಿಸಿಯಾಗಿತ್ತು. ಉಳಿದ ಮುಕ್ಕಾಲು ಬ್ಯಾಂಕಿನ ಸಾಲ. ಬ್ಯಾಂಕಿನವರು ಕಲ್ಲು ನೋಡದೆ ಸಹಿ ಹಾಕುವವರಲ್ಲ.

“ಸಾಲ ಬಂದ್ಮೇಲೆ ಆ ಪೊಳ್ಳಿಗೆಲ್ಲ ಸಿಮೆಂಟ್ ತುಂಬಿಸ್ತೀವಿ, ಮಾವ. ನನ್ನಾಣೆ.”

“ತುಂಬಿಸಿದ್ರಿ ಬಿಡಿ! ಗೋಡೆ ಎದ್ರೆ ಫೋಟೋ ತೆಗೀತಾರೆ. ನೆಲದೊಳಗೆ ಸುರಿದ ದುಡ್ಡಿಗೆ ಯಾರು ಹಾರ ಹಾಕ್ತಾರೆ? ಅದಿರಲಿ, ನಿಮ್ಮ ಕ್ವಾರ್ಟರ್ಸ್ ಎಲ್ಲಿ ಬರುತ್ತೆ ಅಂದಿದ್ರಿ?”

ಮೊನ್ನೆ ತಾನೇ ನಕ್ಷೆ ಹರಡಿ, ಕಟ್ಟೆಯ ಬುಡದಲ್ಲೇ ಬರಲಿರುವ ಮನೆಯನ್ನೂ ತೊಟ್ಟಿಲು ಕಟ್ಟುವ ಕೋಣೆಯನ್ನೂ ಬೆರಳಿಟ್ಟು ತೋರಿಸಿದ್ದವನು ಈ ಅಳಿಯನೇ. ಹೆಂಡತಿಗೆ ಏಳು ತಿಂಗಳು.

“ನನ್ನ ಕೆಲಸ ಹೋಗುತ್ತೆ, ಮಾವ.”

“ನಂದೂ ಹೋಗುತ್ತೆ. ಇಬ್ರೂ ಮನೇಲಿ ಕೂತು ತೊಟ್ಟಿಲು ತೂಗೋಣ.”

ಅಷ್ಟರಲ್ಲಿ ಜೀಪು ಬಂತು. ಬ್ಯಾಂಕಿನ ಅಧಿಕಾರಿ ಕನ್ನಡಕದ ಹೆಂಗಸು. ಒಂದೊಂದೇ ಪೆಟ್ಟಿಗೆಯ ಮೇಲೆ ಬಗ್ಗಿ ನೋಡುತ್ತ, ಬರೆದುಕೊಳ್ಳುತ್ತ ಬಂದು ಒಂಬತ್ತನೆಯದರ ಮುಂದೆ ನಿಂತರು.

“ಕಲ್ಲು ತುಂಬ ಚೆನ್ನಾಗಿದೆ.”

ಅಳಿಯ ತನ್ನ ಬೂಟು ನೋಡಿಕೊಂಡ. ಮೇಸ್ತ್ರಿ ಬಾಯಿ ಕಟ್ಟಿಕೊಂಡು ನಿಲ್ಲುವ ಜಾತಿಯವನಲ್ಲ.

“ಚೆನ್ನಾಗೇ ಇದೆ ಮೇಡಂ, ಆದ್ರೆ ಇಲ್ಲೀದಲ್ಲ,” ಎಂದವನೇ ಮೂರೂ ಕಲ್ಲುಗಳನ್ನು ಕಿತ್ತು ನೆಲಕ್ಕೆ ಹಾಕಿದ. ಕೊರೆಯುವ ಕೆಲಸಕ್ಕೆಂದು ತಂದಿದ್ದ ನೀರಿನ ಟ್ಯಾಂಕರ್ ಅಲ್ಲೇ ನಿಂತಿತ್ತು. ಅದರ ಪೈಪನ್ನು ಎಳೆದು ತಂದು ಬೋರಿನ ಬಾಯಿಗೆ ತುರುಕಿ, ನಲ್ಲಿಯನ್ನು ಪೂರ್ತಿ ತಿರುಗಿಸಿದ.

ನೀರು ಒಳಗೆ ಹೋಯಿತು. ಹೋಗುತ್ತಲೇ ಇತ್ತು. ಈಗ ಮೇಲೆ ಬರುತ್ತದೆ, ಇನ್ನೇನು ಬರುತ್ತದೆ ಎಂದು ಎಲ್ಲರೂ ಬಗ್ಗಿ ನೋಡಿದ್ದೇ ಬಂತು, ಒಂದು ಹನಿಯೂ ಮೇಲೇರಲಿಲ್ಲ. ಕೊನೆಗೆ ಪೈಪು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದರು.

ಮೇಸ್ತ್ರಿ ಖಾಲಿ ಪೈಪಿನ ತುದಿಯನ್ನು ಅಳಿಯನ ಕೈಗೆ ಕೊಟ್ಟ.

“ಇನ್ನೊಂದು ಟ್ಯಾಂಕರ್ ತರಿಸಿ, ಅಳಿಯಂದ್ರೇ. ಅಂಗೈ ಅಗಲದ ಈ ತೂತಲ್ಲಿ ಮೊದಲು ನೀರು ನಿಲ್ಲಿಸಿ ತೋರಿಸಿ. ಹೊಳೆ ನಿಲ್ಲಿಸೋದು ಆಮೇಲೆ.”