ಅಳತೆಯ ಗ್ಲಾಸು

ಆಟೋದಿಂದ ಇಳಿದ ಡಾಕಪ್ಪನ ಕಾಲು ಮಡಚಿಕೊಂಡಿತು. ಹಾವೇರಿಯ ಆಸ್ಪತ್ರೆಯ ಮೆಟ್ಟಿಲ ಮೇಲೆ ಅವನು ಕುಸಿದು ಕುಳಿತಾಗ, ಕುಪ್ಪೇಲೂರಿನಿಂದ ನೋಡಲು ಬಂದಿದ್ದ ಹೆಂಡತಿಯ ತಮ್ಮ ಮೈಲೇಶ ಚಪ್ಪಾಳೆ ತಟ್ಟಿದ.

"ನಿನ್ನೆ ಮಾಡಿ ತೋರಿಸಿದ್ರಲ್ಲ ಮಾಮಾ, ಬಾಜೂ ಬೆಡ್ಡಿನ ಅಂದಾನೆಪ್ಪ ಮಾಸ್ತರ ನಡಿಗಿ! ಥೇಟ್ ಅದ!"

"ಸಾಕು, ಏಳ್ರಿ. ಮಂದಿ ನೋಡಾಕತ್ತಾರ," ಎಂದಳು ಹೆಂಡತಿ ಉಚ್ಚಂಗೆವ್ವ, ನಗುತ್ತಲೇ.

ಬ್ಯಾಡಗಿಯ ಪೇಟೆಯಲ್ಲಿ ಡಾಕಪ್ಪ ಅಣಕಿಸದ ದಲಾಲಿ ಇರಲಿಲ್ಲ. ಅವನ ಅಣಕವೂ ಊರಿನ ಮೆಣಸಿನಕಾಯಿಯಂತೆ: ಬಣ್ಣ ಹೆಚ್ಚು, ಖಾರ ಕಡಿಮೆ. ಮೂತ್ರಪಿಂಡ ಕೈಕೊಟ್ಟು ಡಯಾಲಿಸಿಸ್‌ಗೆ ಬರತೊಡಗಿದ ಮೇಲೆ ಡಾಕ್ಟರು, ನರ್ಸು, ಕಡೆಗೆ ರಕ್ತ ತೊಳೆಯುವ ಯಂತ್ರದ ಕೂಗು ಕೂಡ ಅವನ ಬಾಯಿಗೆ ಬಿದ್ದಿದ್ದವು.

"ಖರೇನಲೇ... ಕಾಲಾಗ ಕಸುವಿಲ್ಲ," ಎಂದ. ಮೈಲೇಶ ಇನ್ನೂ ಜೋರಾಗಿ ನಕ್ಕ.

ಬಾಗಿಲಿಗೆ ಬಂದಿದ್ದ, ಯಂತ್ರ ನಡೆಸುವ ಹುಮಾ ನಗಲಿಲ್ಲ. "ಕಾಕಾ, ನನ್ನಂಗ ಮಾತಾಡ್ರಿ ನೋಡೋಣು. 'ನೀರು ಎಷ್ಟ ಕುಡದ್ರಿ?' ಅನ್ರಿ."

ಡಾಕಪ್ಪನ ತುಟಿ ಅಲುಗಿತು. ದನಿ ಬರಲಿಲ್ಲ.

ಹುಮಾ ಅವನ ಮಣಿಕಟ್ಟು ಹಿಡಿದಳು. ನಾಡಿ ಒಮ್ಮೆ ಬಡಿದು, ಇನ್ನೊಮ್ಮೆ ಬಡಿಯಲೋ ಬೇಡವೋ ಎಂದು ಯೋಚಿಸುತ್ತಿತ್ತು. ಡಾಕ್ಟರು ಓಡಿ ಬಂದರು. ಒಳಗೆ ಮಲಗಿಸಿ ಎದೆಗೆ ವೈರು ಅಂಟಿಸಿದರು. ಕಾಗದದ ಮೇಲೆ ಗೆರೆ ಗುಡಾರದಂತೆ ಚೂಪಾಗಿ ಏಳುತ್ತಿತ್ತು. ಅದನ್ನು ಕಂಡವರೇ ಸೂಜಿ ಚುಚ್ಚಿದರು.

"ರಕ್ತದಾಗ ಪೊಟ್ಯಾಶಿಯಂ ಏರೇತಿ. ಎದಿ ಬಡಿತ ನಿಂತು ಹೋಗಬಹುದು," ಹುಮಾ ನಳಿಗೆ ಜೋಡಿಸುತ್ತಲೇ ಕೇಳಿದಳು, "ಏನು ತಿನ್ಸಿದ್ರಿ ಕಾಕೂ?"

"ಏನೂ ಇಲ್ಲಬೇ!" ಉಚ್ಚಂಗೆವ್ವ ಚೀಲದಿಂದ ಸ್ಟೀಲ್ ಗ್ಲಾಸು ತೆಗೆದಳು. "ನೀವ ಹೇಳಿದ ಅಳತಿ. ದಿನಕ್ಕ ಇದರಾಗ ಮೂರ. ಒಂದ ಗುಟುಕು ಹೆಚ್ಚಿಗಿ ಕೊಟ್ಟಿಲ್ಲ."

"ಗ್ಲಾಸಿನ್ಯಾಗ ಏನಿತ್ತು?"

ಮೈಲೇಶ ಹೆಮ್ಮೆಯಿಂದ ಮುಂದೆ ಬಂದ. ಆಟೋದಿಂದ ಇಳಿಸಿಕೊಂಡು ಬಂದ, ಉಳಿದ ಎರಡು ಕಾಯಿ ಅವನ ಕೈಯಲ್ಲಿ ತೂಗುತ್ತಿದ್ದವು. "ಎಳನೀರು! ಜಡ್ಡಿನವರ್ನ ನೋಡಾಕ ಬರೀಗೈಲೆ ಬರಾಕಾಕ್ಕೇತೇನ್ರಿ? ಗೊನಿನ ತಂದಿದ್ದೆ. ಎರಡ ದಿನ ನೀರ ಮುಟ್ಟಿಸಿಲ್ಲ. ಅದರ ಬದಲಿ ಇದನ್ನ, ಅಳದ ಕೊಟ್ಟೇವಿ."

"ಅದರ ತುಂಬ ಇರೂದ ಪೊಟ್ಯಾಶಿಯಂ, ಅಣ್ಣಾ. ನಿಮಗ, ನನಗ ಮೂತ್ರದಾಗ ಹೋಗಿಬಿಡತೈತಿ. ಕಾಕಾಗ ಎಲ್ಲಿಂದ ಹೋಗಬೇಕು?"

ಬಾಗಿಲು ಮುಚ್ಚಿತು. ಹೊರಗೆ ಬೆಂಚಿನ ಮೇಲೆ ಉಚ್ಚಂಗೆವ್ವ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಳು. "ಅವರು ಬಿದ್ರು. ನಾ ನಕ್ಕೆ," ಎಂದಳು.

ಎಷ್ಟೋ ಹೊತ್ತಾದ ಮೇಲೆ ಒಳಗೆ ಯಂತ್ರ ಕೂಗಿಕೊಂಡಿತು. ಗ್ಲಾಸು ನೆಲಕ್ಕೆ ಬಿತ್ತು. ಮತ್ತೊಮ್ಮೆ ಕೂಗು. ಹಿಂದೆಯೇ ಹುಮಾಳ ಬೈಗುಳ: "ಕಾಕಾ! ಮಷೀನ್ ಸುಮ್ಮನ ಐತಿ, ನೀವ್ಯಾಕ ಒದರತೀರಿ? ನನ್ನ ಎದಿ ನಿಂತಿದ್ರ?"

ಉಚ್ಚಂಗೆವ್ವ ಸೆರಗು ಬಾಯಿಗೊತ್ತಿಕೊಂಡು ಗೋಡೆಗೆ ಒರಗಿದಳು.

ಎದುರಿನ ಬೆಂಚಿನಲ್ಲಿ ಮುದುಕಿಯೊಬ್ಬಳು ಆಗಷ್ಟೇ ಬಂದು ಕುಳಿತಿದ್ದಳು. ಮೈಲೇಶನ ಕೈಯನ್ನೇ ನೋಡುತ್ತಿದ್ದವಳು ಹತ್ತಿರ ಸರಿದು ಮೆಲ್ಲಗೆ ಕೇಳಿದಳು:

"ತಮ್ಮಾ, ನಿಮಗ ಬ್ಯಾಡಾದ್ರ ಆ ಎರಡ ಕಾಯಿ ನನಗ ಕೊಡಪಾ. ನನ್ನ ಮಗಾನೂ ಒಳಗ ಅದಾನ. ಭಾಳ ನೀರಡಿಸ್ಯಾನ."